ಸಿಮೆಂಟ್ ಅಂಗಡಿಯವನು ಕಂಡ ಸುಣ್ಣದ ಗೋಡೆ

ದೇವನಹಳ್ಳಿ, ಹೊರಡುವ ದಿನ

ವಿಮಾನ ನಿಲ್ದಾಣ ನಮ್ಮೂರ ಪಕ್ಕಕ್ಕೆ ಬಂದು ಇಷ್ಟು ವರ್ಷವಾದರೂ ನಾನು ಅದರೊಳಗೆ ಕಾಲಿಟ್ಟವನಲ್ಲ. ಅಂಗಡಿಯ ಮುಂದೆ ನಿಂತು ತಲೆಯೆತ್ತಿದರೆ ವಿಮಾನದ ಹೊಟ್ಟೆ ಕಾಣುತ್ತದೆ. ಅದರ ಬಾಗಿಲನ್ನು ಮಾತ್ರ ಕಂಡಿರಲಿಲ್ಲ. ಈ ವರ್ಷ ಕಂಡೆ, ಅದೂ ಸಿಮೆಂಟಿನ ದಯೆಯಿಂದ. ಸುತ್ತಲಿನ ಹೊಸ ಬಡಾವಣೆಗಳಿಗೆ ಸಿಮೆಂಟು, ಕಬ್ಬಿಣ ಕೊಡುವ ಅಂಗಡಿ ನನ್ನದು. ಕಂಪನಿಯವರು ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ಆರಿಸಿ, ವರ್ಷಕ್ಕೊಮ್ಮೆ ಯಾವುದಾದರೂ ದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ಹಿಂದೆಲ್ಲ ಬ್ಯಾಂಕಾಕ್, ದುಬೈ ಎನ್ನುತ್ತಿದ್ದರು. ಈ ಸಲ ಯಾರ ತಲೆಗೆ ಹೊಳೆಯಿತೋ, ಸ್ಕಾಟ್ಲೆಂಡ್ ಎಂದರು.

ಹೋಗುವ ಖುಷಿಗಿಂತ ಬಂದ ಮೇಲಿನ ಕೆಲಸವೇ ತಲೆ ತುಂಬ ಇತ್ತು. ದೇವನಹಳ್ಳಿಯ ಹಳೇ ಬೀದಿಯಲ್ಲಿ ನಮ್ಮಪ್ಪನ ಕಾಲದ ಮಳಿಗೆಗಳ ಒಂದು ಸಾಲಿದೆ. ಕೆಳಗೆ ಕಲ್ಲು, ಮೇಲೆ ಮಣ್ಣಿನ ಗೋಡೆ. ಒಂದರಲ್ಲಿ ನಮ್ಮಕ್ಕ ಪುಟ್ಟಮ್ಮನ ಹೋಟೆಲು. ಅದಕ್ಕೆ ಅಂಟಿಕೊಂಡು ರಹಮತ್ ಭಾಯಿಯ ಹಿಟ್ಟಿನ ಗಿರಣಿ. ಭಾವ ತೀರಿಕೊಂಡ ಮೇಲೆ ಅಕ್ಕ ಆ ಹೋಟೆಲನ್ನೇ ನೆಚ್ಚಿಕೊಂಡು ಬದುಕಿದಳು. ಬೆಳಿಗ್ಗೆ ಇಡ್ಲಿ, ದೋಸೆ, ಕಾಯಿ ಚಟ್ನಿ. ಬಿಸಿಲೇರುವ ಹೊತ್ತಿಗೆ ಎಲ್ಲ ಖಾಲಿ, ಬಾಗಿಲು ಮುಚ್ಚುತ್ತಾಳೆ. ಆ ಜಾಗದ ಹಕ್ಕು ನನ್ನ ಹೆಸರಿನಲ್ಲಿದೆ, ಹೋಟೆಲಿನ ಹೆಸರೆಲ್ಲ ಅವಳದು.

ಕೆಲವು ವರ್ಷಗಳ ಹಿಂದೆ ಹೋಟೆಲಿನ ಗೋಡೆಯ ಹಳೇ ಗಾರೆ ಅಲ್ಲಲ್ಲಿ ಉದುರುತ್ತಿದೆ ಎಂದು ಒಳಗೂ ಹೊರಗೂ ಒಳ್ಳೇ ಸಿಮೆಂಟು ಮೆತ್ತಿಸಿ, ಮೇಲೆ ಹೊಳಪಿನ ಬಣ್ಣ ಹೊಡೆಸಿದ್ದೆವು. ಅಕ್ಕನಿಗೆ ಆಗ ಹಿಗ್ಗೋ ಹಿಗ್ಗು. ಒಂದೆರಡು ಮಳೆಗಾಲ ಚೆನ್ನಾಗಿತ್ತು. ಆಮೇಲೆ ಗೋಡೆಗೆ ಕೆಳಗಿನಿಂದ ತೇವ ಹತ್ತಿತು. ಸೊಂಟದ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದು, ಬಿಳೀ ಉಪ್ಪು ಹೊರಗೆ ಬಂದು, ಊಟದ ಮೇಜಿನ ಮೇಲೆ ಪುಡಿ ಬೀಳತೊಡಗಿತು. ನಮ್ಮ ಎಂಜಿನಿಯರು ಬಂದು ಗೋಡೆಯನ್ನು ಬೆರಳಲ್ಲಿ ತಟ್ಟಿ, "ಆಯಸ್ಸು ಮುಗಿದಿದೆ ಸರ್, ಇಡೀ ಸಾಲು ಕೆಡವಿ ಕಟ್ಟಿ" ಎಂದರು. ನನಗೂ ಆಸೆಯಿತ್ತು. ಕೆಳಗೆ ಮಳಿಗೆ, ಮೇಲೆ ಏರ್‌ಪೋರ್ಟಿನ ಕ್ಯಾಬ್ ಡ್ರೈವರುಗಳಿಗೆ ಬಾಡಿಗೆ ಕೋಣೆಗಳು. ಆಷಾಢಕ್ಕೆ ಮುಂಚೆ ಗುದ್ದಲಿ ಪೂಜೆ ಆಗಬೇಕು ಎಂದು, ನಾನು ಪ್ರವಾಸ ಮುಗಿಸಿ ಬಂದ ಮರುದಿನಕ್ಕೇ ಜೆಸಿಬಿಗೆ ಹೇಳಿಟ್ಟಿದ್ದಾಯಿತು. ರಹಮತ್ ಭಾಯಿಗೆ ಬೈಪಾಸಿನಲ್ಲಿ ಬೇರೆ ಜಾಗ ಸಿಕ್ಕಿತ್ತು. ಅಕ್ಕನಿಗೆ ಸಿಕ್ಕಿರಲಿಲ್ಲ.

"ಒಂದೂವರೆ ವರ್ಷ ತಡ್ಕೊ ಅಕ್ಕ. ಹೊಸಾ ಬಿಲ್ಡಿಂಗಲ್ಲಿ ಮೊದಲ್ನೇ ಮಳಿಗೆ ನಿಂದೇ" ಎಂದಿದ್ದೆ.

"ನಾನು ತಡ್ಕೊತೀನಿ ಕಣೋ. ದೋಸೆ ತಿನ್ನೋರು ತಡ್ಕೊತಾರಾ? ಒಂದ್ ಸಲ ಬೇರೆ ಕಡೆ ಕಾಲು ಹಾಕಿದ್ಮೇಲೆ ಯಾರ್ ಬತ್ತಾರೆ ಈ ಮುದುಕೀನ ಹುಡುಕ್ಕೊಂಡು?"

ಹೊರಡುವ ದಿನ ಅವಳು ಒಂದು ಡಬ್ಬ ಕೋಡುಬಳೆ ತಂದು ನನ್ನ ಪೆಟ್ಟಿಗೆಯಲ್ಲಿ ತುರುಕಿದಳು. ಹೋಗಬೇಡ ಅನ್ನಲಿಲ್ಲ, ಕೆಡವಬೇಡ ಎಂದೂ ಅನ್ನಲಿಲ್ಲ. "ಉದ್ದು ನೆನೆ ಹಾಕೋದು ಯಾವತ್ತಿಂದ ನಿಲ್ಲಿಸ್ಲಿ, ಅದೊಂದು ಹೇಳ್ಬಿಟ್ಟು ಹೋಗು" ಎಂದಳು. ಬಂದು ಹೇಳ್ತೀನಿ ಎಂದು ಕಾರು ಹತ್ತಿದೆ. ಆ ಪ್ರಶ್ನೆ ನನ್ನ ಜೊತೆಯಲ್ಲೇ ಬಂತು.

ಎಡಿನ್‌ಬರೊ

ನಮ್ಮ ಕಸುಬಿನವರಿಗೆಲ್ಲ ಒಂದು ಚಟ. ಯಾವುದೇ ಗೋಡೆ ಕಂಡರೂ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುವುದು, ಆಮೇಲೆ ಜೇಬಿನಿಂದ ಸ್ಕೂಟರ್ ಕೀ ತೆಗೆದು ಸಂದಿಯಲ್ಲಿ ಗೀರುವುದು. ಪುಡಿ ಉದುರಿದರೆ ಕಟ್ಟಿದವನು ಸಿಮೆಂಟಿನಲ್ಲಿ ಕೈ ಬಿಗಿ ಹಿಡಿದಿದ್ದಾನೆ ಎಂದು ಅರ್ಥ. ಮದುವೆ ಛತ್ರದಲ್ಲಿ ಊಟಕ್ಕೆ ಕೂತಾಗಲೂ ನಾನು ಹೀಗೆ ಮಾಡಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಸ್ಕಾಟ್ಲೆಂಡಿಗೆ ಸ್ಕೂಟರ್ ಕೀ ಯಾಕೆ ಬಂತು ಎಂದು ಕೇಳಬೇಡಿ. ಅದು ಜೇಬಿನಲ್ಲೇ ಇರುತ್ತದೆ, ನಾನು ಎಲ್ಲಿರುತ್ತೇನೋ ಅಲ್ಲಿ.

ಎಡಿನ್‌ಬರೊ ಇಡೀ ಊರೇ ಕಲ್ಲು. ಹಳೇ ಕಾಲದ ಹೊಗೆಗೆ ಕಪ್ಪಾದ ಕಲ್ಲಿನ ಐದಾರು ಅಂತಸ್ತಿನ ಮನೆಗಳು ಒಂದರ ಹೆಗಲಿಗೆ ಒಂದು ಒರಗಿ ನಿಂತಿವೆ. ನಮ್ಮ ದೇವನಹಳ್ಳಿ ಕೋಟೆಯ ಬುರುಜು ನೋಡಿ ಬೆಳೆದವನಿಗೆ ಕೋಟೆ ಎಂದರೆ ಬೆರಗೇನಿಲ್ಲ. ಆದರೆ ಬಂಡೆಯ ನೆತ್ತಿಯ ಮೇಲೆ ಬಂಡೆಯೇ ಬೆಳೆದಂತೆ ಕಟ್ಟಿರುವ ಆ ಕೋಟೆ ನೋಡಿ ಮನಸ್ಸು ಸೋತಿತು. ಹತ್ತಿರ ಹೋದದ್ದೇ ತಡ, ನಮ್ಮ ಡೀಲರುಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತು ಕೀ ಹೊರಗೆ ತೆಗೆದರು. ಕಾವಲಿನವನು ದೂರದಿಂದ ಕೂಗುತ್ತ ಓಡಿ ಬಂದ. ಸಾಲಾಗಿ ಗೋಡೆ ಕೆರೆಯುತ್ತಿರುವ ಗಂಡಸರನ್ನು ಅವನು ಆವರೆಗೆ ಕಂಡಿರಲಿಕ್ಕಿಲ್ಲ. ನಮ್ಮನ್ನು ಕರೆತಂದಿದ್ದ ಟೂರ್ ಮ್ಯಾನೇಜರ್ ಪ್ರವೀಣನ ಮುಖ ಹುಳ್ಳಗಾಯಿತು. "ಸರ್, ದಯವಿಟ್ಟು ಎಲ್ಲರೂ ಕೀ ಜೇಬಿಗೆ ಹಾಕ್ಕೊಳ್ಳಿ. ನನ್ನ ಕೆಲಸ ಹೋಗ್ಬಿಡುತ್ತೆ" ಎಂದ.

ನನ್ನ ಜೊತೆ ಕೋಣೆ ಹಂಚಿಕೊಂಡವರು ಹೊಸಕೋಟೆಯ ಇಸ್ಮಾಯಿಲ್ ಭಾಯಿ, ಕಬ್ಬಿಣ ಮತ್ತು ಸಿಮೆಂಟಿನ ಹಳೇ ವ್ಯಾಪಾರಿ. "ಅರೆ ನಾಗಣ್ಣ, ನಾನು ಗೀರಿದ್ದು ಬರೀ ಧೂಳು. ಇವ್ರಿಗೆ ಧೂಳಿನ ಮೇಲೂ ಇಷ್ಟು ಪ್ರೀತಿನಾ!" ಎಂದು ದಿನವಿಡೀ ನಗಾಡಿದರು.

ಅವತ್ತು ಅಕ್ಕ ಫೋನು ಮಾಡಿದ್ದಳು. "ಇವತ್ತು ಎರಡೇ ಸೇರು ಉದ್ದು ಹಾಕ್ದೆ ಕಣೋ. ಕೆಡವ್ತಾರಂತೆ ಅಂತ ಬೀದೀಲೆಲ್ಲ ಸುದ್ದಿ ಆಗೈತೆ. ಜನ ಆಗ್ಲೇ ಕಮ್ಮಿ ಆಗವ್ರೆ." ಮಾಮೂಲಿಗೆ ಮೂರು ಸೇರು ಹಾಕುವವಳು. ನಾನು ಇಲ್ಲಿಯ ಚಳಿಯ ಸುದ್ದಿ ಹೇಳಿ ಮಾತು ತಿರುಗಿಸಿದೆ.

ಬಸ್ಸು ಕೆಟ್ಟ ಊರು

ಉತ್ತರದ ಬೆಟ್ಟಗಳ ಕಡೆ ಹೋಗುವಾಗ ನಮ್ಮ ಬಸ್ಸು ಕೈಕೊಟ್ಟಿತು. ಇದೇ ದಾಬಸ್‌ಪೇಟೆಯ ಸರ್ಕಲ್ಲಿನಲ್ಲಿ ಕೆಟ್ಟಿದ್ದರೆ ಸೌತೆಕಾಯಿ ಮಾರುವವರು, ಗೇರ್ ಬಾಕ್ಸ್ ವಿಚಾರಕ್ಕೆ ಸಲಹೆ ಕೊಡುವವರು, ಸುಮ್ಮನೆ ನಿಂತು ನೋಡುವವರು ಎಲ್ಲ ಸೇರಿ ಜಾತ್ರೆಯಾಗುತ್ತಿತ್ತು. ಅಲ್ಲಿ ನಮ್ಮನ್ನು ನೋಡಿದ್ದು ಕುರಿಗಳು ಮಾತ್ರ. ಕೊನೆಗೆ ಒಂದು ವ್ಯಾನು ಬಂದು ಎಲ್ಲರನ್ನೂ ಮುಂದಿನ ಪಟ್ಟಣಕ್ಕೆ ಒಯ್ದಿತು. ಇಬ್ಬರಿಗೆ ಜಾಗವಾಗಲಿಲ್ಲ. ಆ ಇಬ್ಬರು ನಾನು ಮತ್ತು ಇಸ್ಮಾಯಿಲ್ ಭಾಯಿ. ಪ್ರವೀಣ ನಮ್ಮನ್ನು ರಸ್ತೆ ಬದಿಯ ಒಂದು ಹಳೆಯ ಪಬ್ಬಿನಲ್ಲಿ ಬಿಟ್ಟು, ಬೆಳಿಗ್ಗೆ ಕಾರು ಕಳಿಸುತ್ತೇನೆ, ರಾತ್ರಿಗೆ ಅಲ್ಲೇ ಕೋಣೆ ಇದೆ ಎಂದು ಹೇಳಿ ಹೋದ.

ಇಸ್ಮಾಯಿಲ್ ಭಾಯಿ ಹೆಂಡ ಮುಟ್ಟುವವರಲ್ಲ. ನಾನೂ ಮುಟ್ಟುವವನಲ್ಲ. ಇಡೀ ಗುಂಪಿನಲ್ಲಿ ಕುಡಿಯದ ಇಬ್ಬರೇ ಇಬ್ಬರು ಪಬ್ಬಿಗೆ ಬಿದ್ದಿದ್ದೆವು. ಉಳಿದವರು ಈ ಅನ್ಯಾಯಕ್ಕೆ ಫೋನಿನಲ್ಲೇ ಹೊಟ್ಟೆ ಉರಿದುಕೊಂಡರು.

ಕಟ್ಟಡ ಮಾತ್ರ ನೋಡುವಂಥದ್ದು. ಎರಡು ಅಂತಸ್ತು, ರಸ್ತೆಗೆ ಉದ್ದಕ್ಕೆ ಮುಖ. ಗೋಡೆಯ ಕಲ್ಲುಗಳು ಒಂದರಂತೆ ಒಂದಿಲ್ಲ. ಹೊಲದಲ್ಲಿ ಆಯ್ದ ದಪ್ಪ ಕಲ್ಲು, ಚಪ್ಪಟೆ ಕಲ್ಲು, ಸಂದಿಗೆ ಚೂರು ಕಲ್ಲು. ಮೂಲೆಗೆ ಮತ್ತು ಕಿಟಕಿಯ ಸುತ್ತ ಮಾತ್ರ ಉಳಿಯಿಂದ ಚೊಕ್ಕ ಮಾಡಿದ ಮರಳುಗಲ್ಲು. ಕಿಟಕಿಯಲ್ಲಿ ಕೈ ಚಾಚಿದರೆ ಮೊಣಕೈ ದಾಟಿದ ಮೇಲೆ ಗಾಜು ಸಿಗುತ್ತದೆ, ಗೋಡೆ ಅಷ್ಟು ದಪ್ಪ. ಮಾಡಿಗೆ ಹೆಂಚಿಲ್ಲ, ತೆಳ್ಳನೆ ಕಪ್ಪು ಕಲ್ಲಿನ ಹಲಗೆಗಳನ್ನು ಮೀನಿನ ಹುರುಪೆಯಂತೆ ಜೋಡಿಸಿದ್ದಾರೆ. ಎರಡೂ ಪಕ್ಕದ ಗೋಡೆಗಳು ಮೇಲೆ ಹೋಗುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿ ಹೊಗೆಗೂಡಿನ ಬುಡ ಮುಟ್ಟುತ್ತವೆ. ಆ ಮೆಟ್ಟಿಲು ಯಾಕೆ ಎಂದು ಆಮೇಲೆ ಮೂರು ಜನರನ್ನು ಕೇಳಿದೆ. ಹೊಗೆಗೂಡು ಗುಡಿಸುವವನು ಹತ್ತಲಿಕ್ಕೆ ಎಂದ ಒಬ್ಬ. ಓರೆ ಕಲ್ಲು ಕಡಿಯುವ ಶ್ರಮ ಉಳಿಸಲಿಕ್ಕೆ ಎಂದ ಇನ್ನೊಬ್ಬ. ಚಂದಕ್ಕೆ ಎಂದ ಮೂರನೆಯವನು. ಯಾರಿಗೂ ಗೊತ್ತಿಲ್ಲ ಎಂಬುದಷ್ಟೇ ನನಗೆ ಖಚಿತವಾಯಿತು.

ಬಾಗಿಲು ಗಿಡ್ಡ, ನಮ್ಮ ಹಳೇ ಮನೆಗಳ ಹಾಗೆ ತಲೆ ತಗ್ಗಿಸಿಯೇ ಹೋಗಬೇಕು. ಮೇಲಿನ ಅಡ್ಡಗಲ್ಲಿನಲ್ಲಿ ಎರಡು ಜೊತೆ ಅಕ್ಷರಗಳು, ನಡುವೆ ಒಂದು ಹೃದಯದ ಗುರುತು. ಕಟ್ಟಿಸಿದ ಗಂಡ ಹೆಂಡತಿ ಇಬ್ಬರ ಹೆಸರಿನ ಮೊದಲಕ್ಷರಗಳಂತೆ, ಆ ಸೀಮೆಯಲ್ಲಿ ಅದು ಹಳೆಯ ಪದ್ಧತಿ. "ನಮ್ ಮನೆಯವಳು ಇದನ್ನ ನೋಡ್ಬಾರ್ದು ನಾಗಣ್ಣ. ಮೂರು ಮಹಡಿ ಕಟ್ಸಿದೀನಿ, ಅವಳ ಹೆಸರು ಮೀಟರ್ ಬೋರ್ಡಿನಲ್ಲೂ ಇಲ್ಲ" ಎಂದರು ಇಸ್ಮಾಯಿಲ್ ಭಾಯಿ.

ಪಬ್ಬಿನ ಪಕ್ಕಕ್ಕೆ ಕಮಾನಿನ ಓಣಿ, ಗಾಡಿ ದಾಟುವಷ್ಟು ಅಗಲ. ಅದರೊಳಗೆ ಹೋದರೆ ಗುಂಡುಕಲ್ಲು ಹಾಸಿದ ಹಿತ್ತಲಂಗಳ. ಒಂದು ಕಡೆ ಕುದುರೆ ಲಾಯ, ಅದರ ಮೇಲೆ ಹುಲ್ಲಟ್ಟ. ಹಿಂದುಗಡೆ ಒಂದು ಕಾಲದಲ್ಲಿ ಬಿಯರು ಕಾಯಿಸುತ್ತಿದ್ದ ಮನೆ. ಕಮಾನಿನ ಇನ್ನೊಂದು ಮಗ್ಗುಲಿಗೆ ಕಮ್ಮಾರಶಾಲೆ. ಒಂದರ ಗೋಡೆಯ ಮೇಲೆ ಇನ್ನೊಂದರ ತೊಲೆ ಕೂತಿದೆ, ಒಂದನ್ನು ಎಳೆದರೆ ಎಲ್ಲವೂ ಅಲುಗುತ್ತವೆ. ಗಾಡಿಯವರು ಇಲ್ಲಿ ಕುದುರೆ ಬಿಚ್ಚಿ, ಲಾಳ ಕಟ್ಟಿಸಿ, ಕುಡಿದು ಮಲಗಿ ಮುಂದೆ ಹೋಗುತ್ತಿದ್ದರಂತೆ. ಹೆದ್ದಾರಿಯ ಡಾಬಾ, ಪಂಕ್ಚರ್ ಅಂಗಡಿ, ಲಾಡ್ಜು ಮೂರೂ ಒಂದೇ ಸೂರಿನಡಿ ಇದ್ದ ಹಾಗೆ.

ಕಮಾನಿನ ಕೆಳಗೆ, ಕುದುರೆ ಹತ್ತಲು ಇಟ್ಟಿದ್ದ ಕಲ್ಲಿನ ಮೇಲೆ ಕೂತೆ. ಪಕ್ಕದಲ್ಲೇ ಗೋಡೆ. ಕೈ ಸುಮ್ಮನಿರಲಿಲ್ಲ. ಅತ್ತಿತ್ತ ನೋಡಿ ಕೀ ತೆಗೆದು ಎರಡು ಕಲ್ಲುಗಳ ಸಂದಿಯಲ್ಲಿ ಮೆಲ್ಲಗೆ ಗೀರಿದೆ. ಪುಡಿ ಉದುರಲಿಲ್ಲ. ಅದರ ಬದಲು ಕೈಯಗಲದ ಗಾರೆಯ ಪಟ್ಟಿ ಒಂದೇ ತುಂಡಾಗಿ ಕಿತ್ತು ಬಂದು ಕೆಳಗಿದ್ದ ಖಾಲಿ ಪೀಪಾಯಿಯ ಮೇಲೆ ದಢಾರನೆ ಬಿತ್ತು.

ಪಬ್ಬಿನ ಒಡತಿ ಹೊರಗೆ ಬಂದಳು. ಮೊರಾಗ್ ಎಂದು ಹೆಸರು, ಅಕ್ಕನ ವಯಸ್ಸಿನವಳು, ಸೊಂಟಕ್ಕೆ ಬಟ್ಟೆ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಕೀ, ಕಾಲ ಬಳಿ ಗೋಡೆ, ಇನ್ನು ಏನು ಹೇಳಲಿ? ಅಂಗಡಿಯ ಇಂಗ್ಲಿಷಿನಲ್ಲಿ ಕ್ಷಮಿಸಿ, ಕ್ಷಮಿಸಿ ಎಂದೆ. ಅವಳು ಮೊದಲು ಚೆನ್ನಾಗಿಯೇ ಬೈದಳು. ಆಮೇಲೆ ಬಗ್ಗಿ ಆ ತುಂಡನ್ನು ಎತ್ತಿ ನೋಡಿ, ನಗಲಿಕ್ಕೆ ಶುರು ಮಾಡಿದಳು. "ಬಿದ್ದದ್ದು ಗೋಡೆಯಲ್ಲ, ನಮ್ಮಪ್ಪ ತುಂಬಿಸಿದ ಸಿಮೆಂಟು, ಬೀಳಲಿಕ್ಕೆ ನೆಪ ಕಾಯುತ್ತಿತ್ತು" ಎಂದಳು.

ತುಂಡನ್ನು ನಾನೂ ಕೈಗೆ ತೆಗೆದುಕೊಂಡೆ. ಒಳ್ಳೇ ಮಾಲು, ಒಳ್ಳೇ ಹದ. ನನ್ನ ಅಂಗಡಿಯದೇ ಆಗಿದ್ದರೂ ಹೆಮ್ಮೆ ಪಡಬಹುದಿತ್ತು. ಅದು ಕಿತ್ತು ಬಂದ ಜಾಗದಲ್ಲಿ ಬೆರಳಿಟ್ಟರೆ ಕಲ್ಲು ಒದ್ದೆಯಾಗಿತ್ತು, ನೆನೆದ ಬೆಲ್ಲದಂತೆ ಬೆರಳಿಗೆ ಬಂತು. ಇಷ್ಟು ಗಟ್ಟಿ ಸಿಮೆಂಟಿನ ಹಿಂದೆ ಇಷ್ಟು ಮೆತ್ತಗಿನ ಕಲ್ಲು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಒಳಗೆ ಬಾ, ಟೀ ಕುಡಿ ಎಂದಳು ಮೊರಾಗ್. ಹೋದೆ.

ಪಬ್ಬಿನೊಳಗೆ

ಬೇಸಿಗೆಯಾದ್ದರಿಂದ ಸಂಜೆ ಊಟದ ಹೊತ್ತಿಗೂ ಹೊರಗೆ ಬೆಳ್ಳಂಬೆಳಕು. ಒಳಗೆ ಮಾತ್ರ ಮಬ್ಬು, ಗೂಡಿನಂಥ ಬೆಚ್ಚಗಿನ ಮಬ್ಬು. ನೆಲಕ್ಕೆ ಚಪ್ಪಡಿ ಕಲ್ಲು, ಬಾಗಿಲಿನಿಂದ ಗಲ್ಲಾದವರೆಗೆ ಜನರ ಕಾಲು ಸವೆಸಿದ ದಾರಿ. ಒಂದು ಗೋಡೆಗೆ ಆಳೆತ್ತರದ ಒಲೆಗೂಡು. ಊರಿನ ಮುದುಕರು ಒಬ್ಬೊಬ್ಬರಾಗಿ ಬಂದರು, ಯಾರೂ ಎಲ್ಲಿ ಕೂರಲಿ ಎಂದು ನೋಡಲಿಲ್ಲ. ಅವರವರ ಜಾಗ ಅವರವರಿಗೆ. ಅಕ್ಕನ ಹೋಟೆಲಿನಲ್ಲೂ ಹಾಗೇ. ಕಿಟಕಿ ಪಕ್ಕದ ಬೆಂಚು ರಿಟೈರಾದ ಪೋಸ್ಟ್‌ಮ್ಯಾನ್ ರಾಮಯ್ಯನವರದು. ಅವರು ಬಾರದ ದಿನವೂ ಅಲ್ಲಿ ಯಾರೂ ಕೂರುವುದಿಲ್ಲ.

ಅವತ್ತು ಶನಿವಾರ. ನನಗೆ ಮಾಂಸ ನಿಷಿದ್ಧ. ಇಸ್ಮಾಯಿಲ್ ಭಾಯಿಗೆ ಅಲ್ಲಿಯ ಮಾಂಸ ಯಾವ ವಾರವೂ ಆಗದು. ಬೇಳೆ ಸೂಪಿದೆ ಎಂದರು, ಖುಷಿಯಾಯಿತು. ಅದರಲ್ಲಿ ಹಂದಿಯ ಮೂಳೆ ಹಾಕಿದೆ ಎಂದರು, ಇಬ್ಬರೂ ಒಟ್ಟಿಗೆ ಸ್ಪೂನು ಕೆಳಗಿಟ್ಟೆವು. ಕೊನೆಗೆ ಬೇಯಿಸಿದ ಆಲೂಗೆಡ್ಡೆ, ಬೆಣ್ಣೆ, ಬ್ರೆಡ್ಡು. ಉಪ್ಪಿನಕಾಯಿ ಪೊಟ್ಟಣ ಭಾಯಿಯ ಜೇಬಿನಲ್ಲಿತ್ತು, ಬಚಾವಾದೆವು.

ಅಲ್ಲಿ ಒಂದು ರೂಢಿಯಿದೆ. ಒಬ್ಬ ಎದ್ದು ಹೋಗಿ ಮೇಜಿನ ಎಲ್ಲರಿಗೂ ಕುಡಿಯಲು ತರುತ್ತಾನೆ, ಮುಂದಿನ ಸಲ ಇನ್ನೊಬ್ಬ. ಪಾಳಿ ತಪ್ಪಿಸುವ ಹಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ನಮ್ಮನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಟೀ ತಂದುಕೊಟ್ಟ. ಅವನ ಗೆಳೆಯ ಮತ್ತೊಂದು ಸಲ ತಂದ. ಆಮೇಲೆ ಎಲ್ಲರೂ ನಮ್ಮ ಮುಖ ನೋಡಿದರು.

"ನಾಗಣ್ಣ, ಈಗ ನಮ್ ಪಾಳಿ" ಎಂದು ಪಿಸುಗುಟ್ಟಿದರು ಭಾಯಿ. "ನಾನು ಹೆಂಡ ಕುಡಿಯೋನೂ ಅಲ್ಲ, ಇನ್ನೊಬ್ರಿಗೆ ತಂದ್ಕೊಡೋನೂ ಅಲ್ಲ. ಮರ್ಯಾದೆ ಪ್ರಶ್ನೆ. ಏನಾದ್ರೂ ಮಾಡಿ."

ಕೋಣೆಗೆ ಓಡಿದೆ. ಅಕ್ಕನ ಡಬ್ಬ ತಂದು ಮೇಜಿನ ನಡುವೆ ಬಿಚ್ಚಿಟ್ಟೆ. ಮುದುಕರು ಕೋಡುಬಳೆಯನ್ನು ತಿರುಗಿಸಿ ನೋಡಿದರು. ಒಬ್ಬ ಅದನ್ನು ಬೆರಳಿಗೆ ಉಂಗುರದಂತೆ ಹಾಕಿಕೊಂಡ. ಮೊದಲು ಕಡಿದವನು ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದಕ್ಕೆ ಕೈ ಹಾಕಿದ. ಸ್ವಲ್ಪ ಹೊತ್ತಿಗೆ ಇಡೀ ಪಬ್ಬಿನಲ್ಲಿ ಕಟುಮ್ ಕಟುಮ್ ಸದ್ದು. ನಮ್ಮ ಪಾಳಿ ಚೆನ್ನಾಗಿಯೇ ತೀರಿತು.

ಇದನ್ನು ಮಾಡಿದವರು ಯಾರು ಎಂದಳು ಮೊರಾಗ್. ನಮ್ಮಕ್ಕ, ನಿಮ್ಮ ಹಾಗೆಯೇ ಹೋಟೆಲು ನಡೆಸುತ್ತಾಳೆ ಎಂದು ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಹೋಟೆಲಿನ ಮುಂದೆ ಸೆರಗು ಸರಿಮಾಡಿಕೊಂಡು ಅಕ್ಕ ನಿಂತಿದ್ದಳು. ಮೊರಾಗ್ ಅಕ್ಕನನ್ನು ನೋಡಿದಳು, ಆಮೇಲೆ ಅಕ್ಕನ ಹಿಂದಿನ ಗೋಡೆಯನ್ನು ದೊಡ್ಡದು ಮಾಡಿ ನೋಡಿದಳು.

"ಈ ಬಿಳಿ ಏನು?"

ತೇವ ಹತ್ತಿದೆ, ಗೋಡೆಯ ಕಾಲ ಮುಗಿದಿದೆ, ಗುರುವಾರ ಕೆಡವುತ್ತೇವೆ ಎಂದೆ. ಮೇಲೆ ಏನು ಮೆತ್ತಿದ್ದೀರಿ ಎಂದಳು. ಸಿಮೆಂಟು ಎಂದೆ. ಒಳಗೆ? ಒಳಗೂ ಸಿಮೆಂಟು. ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಬೆಳಿಗ್ಗೆ ಕಾರು ಬರುವ ಮೊದಲು ಕಮ್ಮಾರಶಾಲೆ ತೋರಿಸುತ್ತೇನೆ, ನೋಡಿಕೊಂಡೇ ಹೋಗು ಎಂದಳು.

ಕಮ್ಮಾರಶಾಲೆ

ನಮಗೆ ಕೊಟ್ಟಿದ್ದ ಕೋಣೆ ಕುದುರೆ ಲಾಯವನ್ನು ಬದಲಾಯಿಸಿ ಮಾಡಿದ್ದು. ಗೋಡೆಯಲ್ಲಿ ಕುದುರೆ ಕಟ್ಟುವ ಬಳೆಗಳು ಹಾಗೇ ಇದ್ದವು, ಭಾಯಿ ಅದಕ್ಕೆ ತಮ್ಮ ಟವೆಲು ನೇತುಹಾಕಿದ್ದರು. ಹೊರಗೆ ಸೋನೆ ಮಳೆ. ಅಂಥ ಮಳೆಯಲ್ಲೂ ಒಳಗೆ ಮುಗ್ಗುಲು ವಾಸನೆಯಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಬುಡಕ್ಕೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು, ಆದರೆ ಒಣಗಿತ್ತು.

ಮೊರಾಗ್ ಬಂದು ಕಮ್ಮಾರಶಾಲೆಯ ಬೀಗ ತೆಗೆದಳು. ಅದರ ಒಡೆಯ ಪಟ್ಟಣದಲ್ಲಿದ್ದಾನಂತೆ, ಕೀ ಇವಳಲ್ಲಿದೆ. ಹೊರಗಿನಿಂದ ಆ ಕಟ್ಟಡವೇ ಚೆಂದ. ನುಣ್ಣಗೆ ಸಿಮೆಂಟು ಮೆತ್ತಿ ಬಿಳಿ ಬಣ್ಣ ಹೊಡೆದಿದ್ದಾರೆ. ಪಕ್ಕದಲ್ಲಿ ಪಬ್ಬಿನ ಗೋಡೆ ಒರಟು ಒರಟು, ಮಾಸಲು. ಯಾರನ್ನು ಕೇಳಿದರೂ ಕಮ್ಮಾರಶಾಲೆಯೇ ಗಟ್ಟಿ ಎನ್ನುತ್ತಿದ್ದರು. ನಾನೂ ಎನ್ನುತ್ತಿದ್ದೆ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಅಕ್ಕನ ಹೋಟೆಲಿನ ವಾಸನೆ. ದೋಸೆಯ ವಾಸನೆಯಲ್ಲ, ಬೆಳಗಿನ ಜಾವ ಬಾಗಿಲು ತೆಗೆದಾಗ ಬರುವ ಹಸಿ ಗೋಡೆಯ ವಾಸನೆ. ಸೊಂಟದೆತ್ತರದವರೆಗೆ ಅದೇ ಬಿಳೀ ಉಪ್ಪು, ಅದೇ ಗುಳ್ಳೆ. ತೊಲೆಯ ತುದಿ ಗೋಡೆಗೆ ಸೇರುವಲ್ಲಿ ಮರ ಕೊಳೆತಿತ್ತು. ನಾನು ಈ ಗೋಡೆಗೊಮ್ಮೆ, ಪಬ್ಬಿನೊಳಗೆ ಹೋಗಿ ಅಲ್ಲಿಯ ಗೋಡೆಗೊಮ್ಮೆ ಅಂಗೈ ಇಟ್ಟು ನೋಡಿದೆ. ಒಂದೇ ಕಲ್ಲು, ಒಂದೇ ಕಾಲ, ಒಂದೇ ನೆಲ, ಒಂದೇ ಮಳೆ. ಅದು ಒದ್ದೆ, ಇದು ಒಣ.

ಮೊರಾಗ್ ಹೇಳಿದ್ದು ಇಷ್ಟು. ಅವಳಪ್ಪನೂ ಪಬ್ಬಿನ ಸಂದಿಗಳಿಗೆಲ್ಲ ಸಿಮೆಂಟು ತುಂಬಿಸಿದ್ದ, ಗೋಡೆ ಹೀಗೇ ಹಾಳಾಗಿತ್ತು, ಕೆಡವಿಬಿಡಿ ಎಂದು ಅವಳಿಗೂ ಹೇಳಿದ್ದರು. ಇವಳು ಕಮಾನಿನ ಓಣಿಯೊಂದನ್ನು ಬಿಟ್ಟು ಉಳಿದೆಡೆಯ ಸಿಮೆಂಟನ್ನೆಲ್ಲ ಕೆತ್ತಿಸಿ, ಬೇಸಿಗೆಗಳಲ್ಲಿ ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ತುಂಬಿಸಿದಳು. ಹಳೇ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. "ಪ್ಲಾಸ್ಟಿಕ್ಕಿನ ಕೋಟು ಹಾಕಿಕೊಂಡು ದಿನವಿಡೀ ದುಡಿದು ನೋಡು. ಮಳೆಯಲ್ಲಿ ನೆನೆಯುವುದಿಲ್ಲ ಸರಿ, ಬೆವರಿನಲ್ಲಿ ನೆನೆಯುತ್ತೀಯ" ಎಂದಳು. ಆ ಕೆಲಸ ನಡೆಯುವಾಗ ಪಬ್ಬು ಮುಚ್ಚಿತ್ತೇ ಎಂದು ಕೇಳಿದೆ. ಒಂದು ದಿನವೂ ಇಲ್ಲ ಎಂದಳು.

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲೇ ಮಳೆಯಲ್ಲಿ ನಿಂತು ಅಕ್ಕನಿಗೆ ಫೋನು ಹಚ್ಚಿದೆ. ಅಲ್ಲಿ ಮಧ್ಯಾಹ್ನ, ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕ, ಗಿರಣಿ ಒಳಕ್ಕೆ ಹೋಗು. ಗೋಡೆ ಬುಡಕ್ಕೆ, ಮಂಡಿ ಎತ್ತರದಲ್ಲಿ ಅಂಗೈ ಇಟ್ಟು ನೋಡಿ ಹೇಳು."

"ಯಾಕೋ? ಅಲ್ಲೇನ್ ಕುಡ್ಕೊಂಡಿದೀಯಾ?"

"ಇಲ್ಲ ಕಣಕ್ಕ. ಹೋಗು ಅಂದ್ರೆ."

ಗಿರಣಿಗೆ ನಾವು ಸಿಮೆಂಟು ಮುಟ್ಟಿಸಿರಲಿಲ್ಲ. ರಹಮತ್ ಭಾಯಿ ಕೆಲಸ ನಿಲ್ಲಿಸಲಾಗದು ಎಂದು ಆಗ ಒಪ್ಪಿರಲಿಲ್ಲ. ವರ್ಷಕ್ಕೊಮ್ಮೆ ರಂಜಾನಿಗೆ ಮುಂಚೆ ಸುಣ್ಣ ಹೊಡೆಸುತ್ತಾರೆ, ಅಷ್ಟೇ. ಅಕ್ಕನ ಚಪ್ಪಲಿ ಸದ್ದು, ರಹಮತ್ ಭಾಯಿಯ "ಬನ್ನಿ ಅಕ್ಕಾ" ಎಲ್ಲ ಕೇಳಿಸಿತು.

"ಇಟ್ಟೆ ಕಣೋ. ಕೈಗೆಲ್ಲ ಹಿಟ್ಟು ಮೆತ್ಕೊಂತು."

"ತೇವ ಐತಾ?"

"ತೇವ ಇದ್ರೆ ಇವ್ರ ಹಿಟ್ಟು ಮುಗ್ಗುಲಾಗ್ತಿರ್ಲಿಲ್ವಾ? ಒಳ್ಳೇ ಒಣಗಿದ ಸೌದೆ ಇದ್ದಂಗೈತೆ. ಇದು ಯಾವತ್ತೂ ಹಿಂಗೇಯ." ಆಮೇಲೆ ಕೇಳಿದಳು, "ಯಾಕೋ ನಾಗ?"

ಹೇಳಿಬಿಡಬೇಕು ಅನ್ನಿಸಿತು. ಆದರೆ ಅಷ್ಟು ದೂರದಲ್ಲಿ ನಿಂತು, ಇನ್ಯಾರದೋ ಗೋಡೆ ನೋಡಿ ಅವಳಿಗೆ ಆಸೆ ಹುಟ್ಟಿಸಿ, ಬಂದ ಮೇಲೆ ನಮ್ಮ ಗೋಡೆ ನಿಜಕ್ಕೂ ಸತ್ತಿದ್ದರೆ? ನನ್ನ ಕೈಯಿಂದಲೇ ಮುಟ್ಟಿ ನೋಡದೆ ಬಾಯಿ ಬಿಡಬಾರದು ಎಂದುಕೊಂಡೆ. "ಸುಮ್ನೆ ಕೇಳ್ದೆ" ಎಂದೆ. "ಸರಿ ಬಿಡು" ಎಂದಳು. ದನಿ ಸಣ್ಣಗಾಗಿತ್ತು.

ಉಳಿದ ದಿನಗಳಲ್ಲಿ ಸರೋವರ ತೋರಿಸಿದರು, ಬೆಟ್ಟ ತೋರಿಸಿದರು. ಫೋಟೊಗಳಲ್ಲಿ ನಾನಿದ್ದೇನೆ, ಹಾಗಾಗಿ ನೋಡಿರಬೇಕು. "ಏನ್ ನಾಗಣ್ಣ, ಗೋಡೆ ಜೊತೆ ಪ್ರೇಮ ಆಗ್ಬಿಟ್ಟೈತಾ? ಸಿಮೆಂಟ್ ಮಾರೋದು ಬಿಟ್ಬಿಡ್ತೀರಾ?" ಎಂದು ಇಸ್ಮಾಯಿಲ್ ಭಾಯಿ ಕಾಡಿದರು. ಬಿಡುವುದಿಲ್ಲ. ಹೊಸ ಮನೆಗೆ ಸಿಮೆಂಟೇ ಬೇಕು, ನಾನೇ ಮಾರುತ್ತೇನೆ. ಹಳೇ ಗೋಡೆಗೆ ಬೇಕಾದದ್ದು ನನ್ನ ಅಂಗಡಿಯಲ್ಲಿಲ್ಲ ಎಂಬುದಷ್ಟೇ ನನಗೆ ಹೊಸ ಸಂಗತಿ.

ಮತ್ತೆ ದೇವನಹಳ್ಳಿ

ಬುಧವಾರ ಬೆಳಿಗ್ಗೆ ಇಳಿದೆ. ಮನೆಗೆ ಹೋಗದೆ ಕ್ಯಾಬನ್ನು ನೇರ ಹಳೇ ಬೀದಿಗೆ ಬಿಡಿಸಿದೆ. ಬೀದಿಯಲ್ಲಿ ದೋಸೆಯ ವಾಸನೆ ಇರಲಿಲ್ಲ. ಹೋಟೆಲಿನ ಒಂದು ಬಾಗಿಲು ಮುಚ್ಚಿತ್ತು. ತಿಂಡಿಗಳ ಹೆಸರು ಬರೆಯುವ ಕಪ್ಪು ಹಲಗೆ ಒರೆಸಿ ಬೋಳಾಗಿತ್ತು. ರಾಮಯ್ಯನವರು ಬಂದು ಹೊರಗಿನಿಂದಲೇ ನೋಡಿ ಹೋದರಂತೆ. ಒಳಗೆ ತಪ್ಪಲೆ, ಇಡ್ಲಿ ಪಾತ್ರೆಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ, ಗ್ರೈಂಡರಿಗೆ ಹಳೇ ಸೀರೆ ಸುತ್ತಿ, ನಡುವೆ ಒಂದು ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಅವಳ ಕೈ ಖಾಲಿ ಇದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನೋಡಲಾಗಲಿಲ್ಲ.

"ಬಂದ್ಯಾ? ಏನಾದ್ರೂ ತಿಂದ್ಯಾ?" ಎಂದಳು. ತಿನ್ನಲು ಅಲ್ಲಿ ಏನೂ ಇರಲಿಲ್ಲ.

ಪೆಟ್ಟಿಗೆ ಬಾಗಿಲಲ್ಲೇ ಬಿಟ್ಟು ಕೀ ತೆಗೆದೆ. ಗುಳ್ಳೆ ಎದ್ದ ಕಡೆ ಗೀರಿದೆ. ಪುಡಿಯಾಗಲಿಲ್ಲ. ಕೀ ಒಳಗೆ ತೂರಿಸಿ ಮೀಟಿದೆ. ತಟ್ಟೆಯಗಲದ ಸಿಮೆಂಟು ಒಂದೇ ಹೋಳಾಗಿ ಎದ್ದು ನೆಲಕ್ಕೆ ಬಿತ್ತು.

"ಲೇ, ನಾಳೆ ಹೆಂಗೂ ಕೆಡವ್ತೀರಲ್ಲ, ಇವತ್ತೇ ಯಾಕೋ?" ಎಂದು ಅಕ್ಕ ಎದ್ದು ಬಂದಳು.

ಒಳಗೆ ಮಣ್ಣು ಒದ್ದೆಯಾಗಿತ್ತು, ಬೆರಳಿಗೆ ಕೆಂಪಗೆ ಅಂಟಿತು. ಇನ್ನೂ ಮೇಲೆ, ಸಿಮೆಂಟು ಮೊದಲೇ ಉದುರಿ ತೆರೆದುಕೊಂಡಿದ್ದ ಕಡೆ ಮುಟ್ಟಿದೆ. ಅಲ್ಲಿ ಅದೇ ಮಣ್ಣು ಒಣಗಿ ಕಲ್ಲಾಗಿತ್ತು. ಕೀ ಒತ್ತಿದರೂ ಇಳಿಯಲಿಲ್ಲ. ಕೆಳಗೆ ಬುನಾದಿಯ ಕಲ್ಲುಗಳು ಕದಲಿರಲಿಲ್ಲ. ನನಗೆ ಅಳು ಬಂದಂತಾಯಿತು, ಯಾಕೆಂದು ಕೇಳಿದರೆ ಈಗಲೂ ಹೇಳಲಾರೆ. ಅಲ್ಲೇ ನಿಂತು ಎಂಜಿನಿಯರಿಗೆ ಫೋನು ಮಾಡಿ ಜೆಸಿಬಿ ಬೇಡ ಎಂದೆ.

"ಏನ್ಸಾರ್, ಸಿಮೆಂಟ್ ಡೀಲರ್ ಆಗಿ ನೀವೇ ಹಿಂಗಂದ್ರೆ?" ಎಂದರು.

"ಡೀಲರ್ ಆಗಿದ್ದಕ್ಕೇ ಹೇಳ್ತಿದೀನಿ ಸಾರ್" ಎಂದೆ.

ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. ಸಿಮೆಂಟನ್ನೆಲ್ಲ ಕೆತ್ತಿಸಬೇಕು, ಗೋಡೆ ಬೆತ್ತಲೆ ನಿಂತು ಒಣಗಬೇಕು, ಆಮೇಲೆ ಸುಣ್ಣದ ಗಾರೆ, ಮುಂದಿನ ಬೇಸಿಗೆಯವರೆಗೂ ನೋಡೋಕೆ ಅಸಹ್ಯವಾಗಿರುತ್ತೆ ಎಂದು ವಿವರಿಸಿದೆ. ಅವಳು ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅಲ್ಲೀಗಂಟ ಹೋಟ್ಲು?"

"ನಡೀತಿರುತ್ತೆ. ಒಂದ್ ದಿನಾನೂ ಮುಚ್ಚೋದು ಬೇಡ."

ಅವಳ ಮುಖ ಕೆಂಪಾಯಿತು. "ಇದನ್ನ ಅವತ್ತೇ ಫೋನಲ್ಲಿ ಬೊಗಳೋಕೆ ಏನಾಗಿತ್ತೋ ನಿಂಗೆ? ಪಾತ್ರೆಯೆಲ್ಲ ಕಟ್ಟಾಕಿದೀನಿ. ರಾಮಯ್ಯನೋರು ಹಸ್ಕೊಂಡು ವಾಪಸ್ ಹೋದ್ರು. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ..." ಅಲ್ಲಿಗೆ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯಲಿ ಎಂದು ನಾನು ಬಿದ್ದ ಸಿಮೆಂಟಿನ ಚೂರು ಆಯತೊಡಗಿದೆ.

ಆಮೇಲೆ ಅವಳು ಗ್ರೈಂಡರಿನ ಮೇಲಿದ್ದ ಸೀರೆ ಎಳೆದು ಹಾಕಿ ಒಳಮನೆಗೆ ಹೋದಳು. ಗೋಣಿಚೀಲ ಬಿಚ್ಚುವ ಸದ್ದು, ತಪ್ಪಲೆ ನೆಲಕ್ಕಿಟ್ಟ ಸದ್ದು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದಳು.

"ನಾಗಾ, ಉದ್ದು ಎರಡು ಸೇರು ಹಾಕ್ಲಾ, ಮೂರು ಹಾಕ್ಲಾ?"

"ಮೂರು ಹಾಕಕ್ಕ" ಎಂದೆ.